ಹಸಿರು ದೀಪದ ನಂತರದ ಮೂರು ನಿಮಿಷ

ಮೇಲ್ತದಡಿ, ಅಘನಾಶಿನಿ ಅಳಿವೆ
ಫೆಬ್ರವರಿ 30, 2187

ನೀರಿನ ಪ್ರಾಣಿಗಳಿಗೆ ಸದ್ದಿನ ಗುರುತು ಕಟ್ಟುವ ಕೆಲಸವನ್ನು ಈಗಷ್ಟೇ ಕಲಿಯುತ್ತಿರುವ ಹಿರಿಯರಿಗೆ,

ಮೇಲಿನ ತಾರೀಖು ಕೈತಪ್ಪಿನಿಂದ ಬಂದದ್ದಲ್ಲ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ನಾನು ಹುಟ್ಟುವುದಕ್ಕೆ ಕೆಲವು ವರ್ಷ ಮೊದಲು ಜುಲೈಯಿಂದ ಒಂದು, ಆಗಸ್ಟಿನಿಂದ ಒಂದು ದಿನ ತೆಗೆದು ಈ ತಿಂಗಳಿಗೆ ಸೇರಿಸಿದರು. ಯಾಕೆಂದು ನಮ್ಮ ಶಾಲೆಯ ಪಠ್ಯದಲ್ಲಿ ಎರಡು ಪುಟ ವಿವರಣೆ ಇತ್ತು. ಈ ಊರಿನವರ ವಿವರಣೆ ಒಂದೇ ಸಾಲಿನದು: ಮಳೆಗಾಲ ಮುಗಿಯುವುದೇ ಇಲ್ಲ, ಎರಡು ದಿನವಾದರೂ ಕಡಿಮೆಯಾಗಲಿ ಎಂದು. ತಾರೀಖಿನಂತೆ ಈ ಕಾಗದದ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕಾಣಬಹುದು. ಅದಕ್ಕೆ ಕ್ಷಮೆ ಇರಲಿ. ಬಂದಲ್ಲಿ ಬಂದಲ್ಲಿ ಬಿಡಿಸಿ ಹೇಳುತ್ತೇನೆ. ನಾನು ಓದಿದ್ದು ಘಟ್ಟದ ಮೇಲೆ, ಇಂಗ್ಲಿಷ್ ಮಾಧ್ಯಮದಲ್ಲಿ. ಆ ಭಾಷೆ ಈಗಲೂ ಇದೆ, ಹೆಚ್ಚಾಗಿ ಯಂತ್ರಗಳ ಕೈಪಿಡಿಗಳಲ್ಲಿ. ಕನ್ನಡದಲ್ಲಿ ಬರೆಯುವುದನ್ನು ಕಲಿತದ್ದು ವಯಸ್ಸು ಮೂವತ್ತೇಳು ದಾಟಿದ ಮೇಲೆ, ಈ ಊರಿಗೆ ಬಂದು. ನನ್ನ ವಾಕ್ಯಗಳು ಹೊಸ ಚಪ್ಪಲಿ ಹಾಕಿಕೊಂಡು ನಡೆದಂತೆ ಕಂಡರೆ ಕಾರಣ ಅದು.

ನಮ್ಮಲ್ಲಿ ಒಂದು ರೂಢಿ ಇದೆ. ಊರಿನ ಯಂತ್ರವೊಂದನ್ನು ಒಂಬತ್ತು ವರ್ಷಕ್ಕಿಂತ ಹೆಚ್ಚು ಕಾಲ ಒಬ್ಬರೇ ಇಟ್ಟುಕೊಳ್ಳುವಂತಿಲ್ಲ. ಒಂಬತ್ತು ತುಂಬಿದಾಗ ಮುಂದಿನವರಿಗೆ ಒಪ್ಪಿಸಬೇಕು, ಒಪ್ಪಿಸುವ ಮೊದಲು ಒಂದು ಕಾಗದ ಬರೆಯಬೇಕು. ಅದು ಮೇಲಧಿಕಾರಿಗಲ್ಲ, ಮುಂದೆ ಬರುವವರಿಗೂ ಅಲ್ಲ, ಹಿಂದೆ ಇದೇ ಕೆಲಸ ಮಾಡಿದವರಿಗೆ. ಮೇಲಧಿಕಾರಿಗೆ ಬರೆದರೆ ನಮ್ಮನ್ನು ನಾವು ಕಾಪಾಡಿಕೊಳ್ಳುತ್ತೇವೆ, ಮಕ್ಕಳಿಗೆ ಬರೆದರೆ ಬುದ್ಧಿ ಹೇಳತೊಡಗುತ್ತೇವೆ, ಸತ್ತು ನೂರು ವರ್ಷವಾದವರ ಎದುರು ಎರಡೂ ಬೇಕಾಗುವುದಿಲ್ಲ ಎಂದು ಈ ರೂಢಿ ಮಾಡಿದವರು ಎಣಿಸಿರಬೇಕು. ನನಗೆ ಅಷ್ಟು ಖಾತ್ರಿ ಇಲ್ಲ. ಸತ್ತವರ ಎದುರಿಗೂ ಚೆನ್ನಾಗಿ ಕಾಣಬೇಕೆಂಬ ಆಸೆ ಹೋಗುವುದಿಲ್ಲ. ಈ ಕಾಗದದ ಎರಡು ಕರಡುಗಳನ್ನು ಹರಿದು ಹಾಕಿದ ಮೇಲೆ ಅದು ತಿಳಿಯಿತು. ಕಾಗದ ನಿಮ್ಮನ್ನು ಹೇಗೆ ತಲುಪುತ್ತದೆ ಎಂಬುದು ನನಗೆ ಗೊತ್ತಿಲ್ಲ. ಬರೆದು ಕಾಗದದ ಪೆಟ್ಟಿಗೆಗೆ ಹಾಕುವುದಷ್ಟೇ ನಮ್ಮ ಪಾಲಿನದು.

ನಿಮ್ಮ ಕಾಲದ ತದಡಿ ಈಗ ನೀರಿನಡಿ ಇದೆ. ಇಳಿತ ಹೆಚ್ಚಾದ ದಿನಗಳಲ್ಲಿ ಹಳೆಯ ದೋಣಿದಕ್ಕೆಯ ಗೋಡೆಯ ತುದಿ ಕಾಣುತ್ತದೆ. ಅದರ ಮೇಲೆ ನೀರುಕಾಗೆಗಳು ರೆಕ್ಕೆ ಒಣಗಿಸಿಕೊಳ್ಳುತ್ತವೆ. ನಾವು ಗುಡ್ಡದ ಮಗ್ಗುಲಲ್ಲಿ ಇದ್ದೇವೆ, ಮೂರು ಸಾಲು ಮನೆಗಳು. ಕೆಳಗಿನ ಸಾಲಿಗೆ ಕೆಳಕೇರಿ ಎಂದು ಹೆಸರು. ಅಲ್ಲಿನ ಮನೆಗಳಲ್ಲಿ ಅಟ್ಟವೇ ನಿಜವಾದ ಮನೆ, ನೆಲದ ಅಂತಸ್ತಿನಲ್ಲಿ ಬಲೆ, ಬುಟ್ಟಿ, ಕೋಳಿ. ಗಜನಿ ಗದ್ದೆಗಳಲ್ಲಿ ಈಗಲೂ ಕಗ್ಗ ಭತ್ತ ಬೆಳೆಯುತ್ತದೆ, ಉಪ್ಪುನೀರು ನಿಂತರೂ ಅದಕ್ಕೆ ಬೇಜಾರಿಲ್ಲ. ಹೆಂಗಸರು ಇಳಿತದಲ್ಲಿ ಬಳಚಿನ ಚಿಪ್ಪು ಆರಿಸುತ್ತಾರೆ. ಅನ್ನ, ಬಳಚಿನ ಸಾರು, ಮಧ್ಯಾಹ್ನದ ನಿದ್ದೆ: ಈ ಮೂರು ವಿಷಯಗಳಲ್ಲಿ ನಿಮಗೂ ನಮಗೂ ದೊಡ್ಡ ವ್ಯತ್ಯಾಸ ಇಲ್ಲವೆಂದು ಹಳೆಯ ಚಿತ್ರಗಳನ್ನು ನೋಡಿದಾಗ ಅನ್ನಿಸುತ್ತದೆ. ವ್ಯತ್ಯಾಸ ಇರುವುದು ಅಳಿವೆಯ ಬಾಯಲ್ಲಿ. ಅಲ್ಲಿ ಈಗ ಬಾಗಿಲು ಇದೆ. ಎರಡು ಗುಡ್ಡಗಳ ನಡುವೆ ನಿಲ್ಲಿಸಿದ ಉಕ್ಕಿನ ಹದಿಮೂರು ಹಲಗೆಗಳು. ಬೇಸಿಗೆಯಲ್ಲಿ ಅವು ಮೇಲೆತ್ತಿಯೇ ಇರುತ್ತವೆ. ಜೂನ್ ಒಂದರಂದು ಇಳಿಸಿದರೆ ಮತ್ತೆ ಏಳುವುದು ಅಕ್ಟೋಬರಿನಲ್ಲಿ, ಇಲ್ಲದಿದ್ದರೆ ಮಳೆಗಾಲದ ಸಮುದ್ರ ಕೆಳಕೇರಿಗೆ ಬಂದು ಕೂರುತ್ತದೆ. ಬಾಗಿಲು ಮುಚ್ಚಿದಾಗ ಹೊಳೆಯ ನೀರನ್ನು ದೊಡ್ಡ ಕೊಳವೆಗಳ ಮೂಲಕ ಹೊರಗೆ ದೂಡುತ್ತಾರೆ. ಕೊಳವೆಯೊಳಗೆ ತಿರುಗುವ ಅಲಗುಗಳಿವೆ. ಸಣ್ಣ ಮೀನು ಪಾರಾಗುತ್ತದೆ, ದೊಡ್ಡದು ಪಾರಾಗುವುದಿಲ್ಲ. ಹದಿನಾಲ್ಕು ವರ್ಷಗಳ ಹಿಂದೆ ಒಂದು ದೊಡ್ಡ ತೊರಕೆ ಮೀನು ಒಳಗೆ ಉಳಿದುಹೋಗಿತ್ತು. ಅದು ಹೊರಬಂದ ರೀತಿಯನ್ನು ನೋಡಿದವರು ಇವತ್ತಿಗೂ ಆ ಮಾತು ಎತ್ತುವುದಿಲ್ಲ.

ಆದ್ದರಿಂದಲೇ ನನ್ನ ಕೆಲಸ ಇದೆ. ಪ್ರಾಣಿಯ ಮೈಗೆ ಕಟ್ಟುವ ಗುರುತನ್ನು ನಾವು ಸದ್ದುಮಣಿ ಎನ್ನುತ್ತೇವೆ. ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದು. ಹೊಳೆಯ ತಳದಲ್ಲಿ ಅಲ್ಲಲ್ಲಿ ಇಟ್ಟ ಯಂತ್ರಗಳು ಅದರ ಸದ್ದನ್ನು ಕೇಳಿ ಬರೆದಿಡುತ್ತವೆ, ಅವಕ್ಕೆ ನೀರ್ಗಿವಿ ಎಂದು ಹೆಸರು. ಮಣಿಯನ್ನು ಎಬ್ಬಿಸಿ ಪರೀಕ್ಷಿಸುವ ಯಂತ್ರ ಎಚ್ಚರಪೆಟ್ಟಿಗೆ. ನಿಮ್ಮಲ್ಲೂ ಇಂಥದ್ದೊಂದು ಇದೆಯೆಂದು, ಅದನ್ನು ಬೇರೆ ಏನೋ ಕರೆಯುತ್ತೀರೆಂದು ಓದಿದ್ದೇನೆ. ನಮ್ಮದು ಊಟದ ಡಬ್ಬಿಯಷ್ಟು ಗಾತ್ರ. ಮುಚ್ಚಳದ ಮೇಲೆ ಮಣಿ ಕೂರುವಷ್ಟು ಗುಂಡಿ. ಮಣಿಯ ಮೇಲಿನ ಬಾಣ ನಮ್ಮ ಕಡೆ ಇರುವಂತೆ ಇಟ್ಟು, ಪೆಟ್ಟಿಗೆ ನಡುಗುವವರೆಗೆ ಪಕ್ಕದಲ್ಲಿ ಉಬ್ಬಿದ ಗುಬ್ಬಿಯನ್ನು ಒತ್ತಿ ಹಿಡಿಯಬೇಕು. ಕೆಂಪು ದೀಪ ಮೂರು ಸಲ ಮಿನುಗುತ್ತದೆ, ಪರದೆಯ ಮೇಲೆ ಮಣಿಯ ಸಂಖ್ಯೆ ಬರುತ್ತದೆ, ಆಮೇಲೆ ಹಸಿರು ದೀಪ. ಹಸಿರು ದೀಪ ಹೇಳುವುದು ಇಷ್ಟೇ: ಏಳು ಎಂದೆವು, ಎದ್ದೆ ಎಂದು ಮಣಿ ಉತ್ತರಿಸಿತು. ಅದು ಕೂಗುತ್ತಿದೆಯೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಮಣಿಯನ್ನು ಬಕೆಟ್ಟಿನ ಉಪ್ಪುನೀರಿಗೆ ಹಾಕಿ, ಪೆಟ್ಟಿಗೆಯ ತಂತಿಯನ್ನು ಪಕ್ಕದಲ್ಲಿ ಇಳಿಬಿಟ್ಟು, ಕಾಯಬೇಕು. ಎಲ್ಲ ಮಣಿಗಳೂ ಒಟ್ಟಿಗೆ ಕೂಗಿದರೆ ಯಾವುದೂ ಕೇಳುವುದಿಲ್ಲವೆಂದು, ಒಂದು ಕೂಗಿಗೂ ಇನ್ನೊಂದಕ್ಕೂ ನಡುವೆ ಲೆಕ್ಕವಿಲ್ಲದ ಬಿಡುವು ಇಟ್ಟಿರುತ್ತಾರೆ. ಅರ್ಧ ನಿಮಿಷವಾಗಬಹುದು, ಮೂರು ನಿಮಿಷವೂ ಆಗಬಹುದು. ಮಣಿಯ ಸದ್ದು ಮನುಷ್ಯರ ಕಿವಿಗೆ ಎಟುಕದ್ದು. ಪೆಟ್ಟಿಗೆ ಅದನ್ನು ನಮ್ಮ ಮಟ್ಟಕ್ಕೆ ಇಳಿಸಿ ಕೊಡುತ್ತದೆ. ಗಾಜಿನ ಬಳೆಗೆ ಬಳೆ ತಾಗಿದಂತೆ ಎಂಟು ಸಲ. ಅಷ್ಟೇ.

ಇದನ್ನೆಲ್ಲ ಮನೆಯಲ್ಲೇ ಮುಗಿಸಿಕೊಂಡು ಹೋಗಬಹುದಲ್ಲ ಎಂದು ನೀವು ಕೇಳಬಹುದು. ನಮ್ಮ ಮಣಿಗಳು ಪ್ರಾಣಿಯ ಚಲನೆಯಿಂದಲೇ ಶಕ್ತಿ ಪಡೆಯುತ್ತವೆ. ಎದ್ದ ಮಣಿಗೆ ಒಂದು ಗಂಟೆಯೊಳಗೆ ಒಂದು ಮೈ ಸಿಗಬೇಕು, ಸಿಗದಿದ್ದರೆ ಅದು ಮತ್ತೆಂದೂ ಏಳುವುದಿಲ್ಲ. ಹಾಗಾಗಿ ಪ್ರಾಣಿ ಕೈಗೆ ಸಿಕ್ಕ ಮೇಲೆಯೇ ಎಬ್ಬಿಸುವುದು. ಎಬ್ಬಿಸಿದವರು, ಪ್ರಾಣಿಯನ್ನು ಹಿಡಿದವರು, ಇಬ್ಬರೂ ಕಿವಿಗೊಟ್ಟು ಕೇಳಬೇಕು ಎಂಬುದು ಊರಿನ ನಿಯಮ. ಕೇಳಿದ ಮೇಲೆ ನಾನು ಪುಸ್ತಕದಲ್ಲಿ ಗುರುತು ಹಾಕುತ್ತೇನೆ, ಹಿಡಿದವರು ಪಕ್ಕದಲ್ಲಿ ಹೆಬ್ಬೆಟ್ಟು ಒತ್ತುತ್ತಾರೆ. ಓದು ಬರುವವರೂ ಹೆಬ್ಬೆಟ್ಟನ್ನೇ ಒತ್ತುತ್ತಾರೆ, ಅದು ಇಲ್ಲಿನ ಪದ್ಧತಿ.

ನಮ್ಮ ಹೊಳೆಗೆ ಒಂದು ಗರಗಸ ಮೀನು ಬರುತ್ತದೆ. ಬರುತ್ತಿತ್ತು ಎಂದು ಬರೆಯಬೇಕೋ ಏನೋ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೂತಿಯ ಮುಂದೆ ಎರಡೂ ಅಂಚಿಗೆ ಹಲ್ಲಿರುವ ಉದ್ದನೆಯ ಅಲಗು; ಅಲಗೂ ಸೇರಿದರೆ ಹದಿನಾರು ಅಡಿ. ಎರಡು ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಸಮುದ್ರದಿಂದ ಒಳಗೆ ಬಂದು, ಕಾಂಡ್ಲ ಗಿಡಗಳ ನಡುವಿನ ಮೇಲಿನ ಹಿನ್ನೀರಿನಲ್ಲಿ ಮರಿ ಹಾಕಿ, ಬಾಗಿಲು ಮುಚ್ಚುವ ಮೊದಲು ಹೊರಟುಹೋಗುತ್ತದೆ. ಊರಿನವರು ಅದನ್ನು ಬಾಳಂತಿ ಎನ್ನುತ್ತಾರೆ. ಅದು ಬಂದ ಸುದ್ದಿ ಸಿಕ್ಕ ದಿನದಿಂದ ಮೇಲಿನ ಹಿನ್ನೀರಿಗೆ ಯಾರೂ ಬಲೆ ಇಳಿಸುವುದಿಲ್ಲ. ತವರಿಗೆ ಬಂದ ಮಗಳನ್ನು ಯಾವಾಗ ಹೊರಡುತ್ತೀ ಎಂದು ಕೇಳಬಾರದಂತೆ, ಹಾಗಾಗಿ ಅದು ಹೋಗುವ ಮಾತನ್ನು ಬಾಯಿಬಿಟ್ಟು ಯಾರೂ ಆಡುವುದಿಲ್ಲ. ಬಾಗಿಲು ಕಾಯುವ ಇನಾಸ್ ಬಾಬ ಮಾತ್ರ ದಿನಾ ಬೆಳಗ್ಗೆ ನೀರ್ಗಿವಿಗಳ ಬರಹ ನೋಡಿ, ಏನೂ ಹೇಳದೆ ತಲೆ ಆಡಿಸುತ್ತಾರೆ. ಈ ಕರಾವಳಿಯಲ್ಲಿ ನಮಗೆ ಗೊತ್ತಿರುವ ಗರಗಸ ಮೀನು ಅದೊಂದೇ.

ಕಳೆದ ಮೇ ಹದಿನೇಳರಂದು ಅದು ಬಂತು. ಹಳೆಯ ಮಣಿಯ ಸದ್ದು ಸೋತಿತ್ತು, ಬದಲಿಸಬೇಕಿತ್ತು. ಬಾಗಿಲ ಒಳಮಗ್ಗುಲಿನ ಮಡುವಿನಲ್ಲಿ ಬುದವಂತಿ ಅದನ್ನು ಹಿಡಿದಳು. ಬುದವಂತಿ ಅಂಬಿಗರ ಹೆಂಗಸು, ನನಗಿಂತ ಹತ್ತು ವರ್ಷ ಚಿಕ್ಕವಳು. ಅಲಗಿಗೆ ಹಗ್ಗ ಹಾಕುವುದರಲ್ಲಿ ಅವಳನ್ನು ಮೀರಿಸುವವರು ಇಲ್ಲಿ ಯಾರೂ ಇಲ್ಲ. ಎದೆಮಟ್ಟದ ನೀರಿನಲ್ಲಿ ಐವರು ನಿಂತು ಅದನ್ನು ಬೆನ್ನಡಿ ಮಾಡಿ, ಹೊಟ್ಟೆ ಮೇಲಾಗುವಂತೆ ಹಿಡಿದರು. ಹಾಗೆ ಹಿಡಿದರೆ ಅದು ಸುಮ್ಮನಾಗುತ್ತದೆ. ಹೊಟ್ಟೆ ದೊಡ್ಡದಾಗಿತ್ತು. ಆ ದಿನ ಬಾಗಿಲ ಹಲಗೆಗಳ ರಿಪೇರಿ ನಡೆದಿತ್ತು, ಕಬ್ಬಿಣಕ್ಕೆ ಸುತ್ತಿಗೆ ಬೀಳುವ ಸದ್ದು ನೀರಿನೊಳಗೂ ಕಾಲಿಗೆ ತಿಳಿಯುತ್ತಿತ್ತು. ನಾನು ದೋಣಿಯಲ್ಲಿ ಕೂತು ಮಣಿಯನ್ನು ಗುಂಡಿಯಲ್ಲಿಟ್ಟು ಎಬ್ಬಿಸಿದೆ. ಹಸಿರು ದೀಪ ಬಂತು. ಬಕೆಟ್ಟು ನನ್ನ ಕಾಲ ಬಳಿಯೇ ಇತ್ತು.

ಇಲ್ಲಿಂದ ಮುಂದೆ ಜನ ಆಡಿದ ಮಾತುಗಳನ್ನು ಆಡಿದ ಹಾಗೆಯೇ ಬರೆಯುತ್ತೇನೆ. ನನ್ನ ಭಾಷೆಗೆ ತಿರುಗಿಸಿದರೆ ಅವು ನನ್ನ ಪರವಾಗಿ ವಾಲುತ್ತವೆ.

ಬುದವಂತಿ ಅಲಗಿನ ಹಗ್ಗ ಬಿಡದೆ ನನ್ನ ಕಡೆ ನೋಡಿದಳು. "ಅಕ್ಕೋರೇ, ನೀರಿಗ್ ಹಾಕಿ ಕೇಳ್ವಾ."

"ದೀಪ ಬಂದಿದೆ," ಎಂದೆ.

"ದೀಪ ಬಂತು, ಹೌದು. ಕೂಗ್ತದ್ಯೋ ಇಲ್ವೋ?"

"ಇಷ್ಟು ಹೊತ್ತು ಅದನ್ನು ಬೆನ್ನಡಿ ಹಿಡಿಯುವುದು ಒಳ್ಳೆಯದಲ್ಲ, ಬುದವಂತಿ. ಕೈಪಿಡಿಯಲ್ಲಿ ದೀಪ ಬಂದರೆ ಸಾಕು ಎಂದಿದೆ."

"ಕೈಪಿಡಿ ಬರ್ದವ್ರು ನೀರಿಗೆ ಇಳ್ದಿದ್ರಾ?" ಎಂದಳು. ಹಿಡಿದು ನಿಂತಿದ್ದವರಲ್ಲಿ ಇಬ್ಬರು ನಕ್ಕರು.

ಆ ನಗುವಿನ ಬಗ್ಗೆ ನಾನು ಒಂಬತ್ತು ತಿಂಗಳಿಂದ ಯೋಚಿಸಿದ್ದೇನೆ. ಪ್ರಾಣಿಗೆ ತೊಂದರೆಯಾಗಬಾರದು ಎಂದು ನಾನು ಹೇಳಿದ್ದು ಸುಳ್ಳಲ್ಲ. ಕೈಪಿಡಿಯಲ್ಲಿ ಹಾಗೆ ಇದ್ದದ್ದೂ ನಿಜ. ನೀರಿನಲ್ಲಿ ಕೇಳುವುದು 'ಅಪೇಕ್ಷಣೀಯ' ಎಂಬರ್ಥದ ಇಂಗ್ಲಿಷ್ ಪದವೊಂದು ಅದರ ಕೆಳಗೇ ಇದೆ. ಆದರೆ ಆ ಇಬ್ಬರು ನಗದೇ ಇದ್ದಿದ್ದರೆ ನಾನು ಬಹುಶಃ ಬಕೆಟ್ಟಿಗೆ ಕೈ ಹಾಕುತ್ತಿದ್ದೆ. ನಕ್ಕ ಮೇಲೆ ಹಾಕಿದರೆ ಸೋತಂತೆ ಆಗುತ್ತಿತ್ತು. ಯಾರ ಎದುರು, ಯಾವ ಸೋಲು? ಮೂರು ನಿಮಿಷ ಹೆಚ್ಚೆಂದರೆ. ಅದನ್ನು ಮಗ್ಗುಲಾಗಿಸಿ, ಮಣಿಯನ್ನು ಬೆನ್ನಿನ ಮೊದಲ ರೆಕ್ಕೆಯ ಬುಡಕ್ಕೆ ಹೊಲಿಸಿದೆ. ಪ್ರಾಣಿಯನ್ನು ತಿರುಗಿಸಿ ಬಿಟ್ಟರು. ಅದು ಒಂದು ಸಲ ಅಲಗು ಬೀಸಿ, ಕದಡಿದ ನೀರಿನೊಳಗೆ ಕಾಣದಾಯಿತು. ಒಳಗೆ ಹೋಯಿತೋ ಹೊರಗೆ ಹೋಯಿತೋ ಯಾರಿಗೂ ಗೊತ್ತಾಗಲಿಲ್ಲ. ನಾನು ಪುಸ್ತಕ ತೆರೆದು 'ಸದ್ದು ಕೇಳಿತು' ಎಂಬಲ್ಲಿ ಗುರುತು ಹಾಕಿದೆ. ಬುದವಂತಿ ಕೈ ಒರೆಸಿಕೊಂಡು ದೋಣಿ ಕಟ್ಟಲು ಹೋದಳು. ಹೆಬ್ಬೆಟ್ಟಿನ ಜಾಗ ಖಾಲಿ ಉಳಿಯಿತು. ನಾನು ಕರೆಯಲಿಲ್ಲ.

ಆಮೇಲೆ ಹನ್ನೆರಡು ದಿನ ಯಾವ ನೀರ್ಗಿವಿಯಲ್ಲೂ ಬಾಳಂತಿಯ ಸಂಖ್ಯೆ ಬರಲಿಲ್ಲ. ಮೇಲಿನ ಹಿನ್ನೀರಿನಲ್ಲಿ ಒಂಬತ್ತು ನೀರ್ಗಿವಿಗಳಿವೆ, ಒಂದರಲ್ಲೂ ಇಲ್ಲ. ಬಾಗಿಲ ಬಳಿಯದರಲ್ಲಿ ಆ ದಿನದ ಬರಹದ ತುಂಬ ಸುತ್ತಿಗೆಯ ಗದ್ದಲ. ಮೇ ಮೂವತ್ತರ ಬೆಳಗ್ಗೆ ಬಾಗಿಲ ಕಟ್ಟೆಯ ಮೇಲೆ ಇನಾಸ್ ಬಾಬ ನಮ್ಮಿಬ್ಬರನ್ನೂ ಕೂರಿಸಿಕೊಂಡರು. ಎಪ್ಪತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಎರಡು ದಿನಕ್ಕೆ ಬಾಗಿಲು ಇಳಿಸಬೇಕಿತ್ತು. ಅವರ ಲೆಕ್ಕ ನೇರವಾಗಿತ್ತು. ಮಣಿ ಕೂಗುತ್ತಿದ್ದು, ಒಳಗಿನ ಒಂಬತ್ತು ಕಿವಿಗೂ ಬಿದ್ದಿಲ್ಲವೆಂದರೆ ಬಾಳಂತಿ ಒಳಗಿಲ್ಲ. ಹಿಡಿದದ್ದಕ್ಕೆ ಹೆದರಿ ಆವತ್ತೇ ಗದ್ದಲದ ನಡುವೆ ಹೊರಟುಹೋಗಿದೆ, ಬಾಗಿಲು ಇಳಿಸಬಹುದು. ಮಣಿ ಕೂಗುತ್ತಲೇ ಇಲ್ಲವೆಂದರೆ ಒಂಬತ್ತು ಕಿವಿಗಳ ಮೌನಕ್ಕೆ ಅರ್ಥವೇ ಇಲ್ಲ, ಬಾಳಂತಿ ಒಳಗೇ ಇರಬಹುದು. ಇಳಿಸಿದರೆ ಅದಕ್ಕೆ ಉಳಿಯುವ ದಾರಿ ಕೊಳವೆಯೊಂದೇ. ಹದಿಮೂರು ಉಕ್ಕಿನ ಹಲಗೆಗಳು ನಾನು ಪುಸ್ತಕದಲ್ಲಿ ಎಳೆದ ಒಂದು ಸಣ್ಣ ಗೆರೆಯ ಮೇಲೆ ನಿಂತಿದ್ದವು.

ಇನಾಸ್ ಬಾಬ ಪುಸ್ತಕ ತಿರುಗಿಸಿ ಖಾಲಿ ಜಾಗದ ಮೇಲೆ ಬೆರಳಿಟ್ಟರು. "ಬುದವಂತಿ, ನಿನ್ನ ಹೆಬ್ಬೆಟ್ಟೆಲ್ಲಿ?"

ಬುದವಂತಿ ನನ್ನ ಕಡೆ ನೋಡಲಿಲ್ಲ. ಸಮುದ್ರದ ಕಡೆ ನೋಡಿದಳು. "ಕೈ ಒದ್ದೆ ಇತ್ತು, ಬಾಬ. ಆಮೇಲೆ ಮರ್ತೇ ಹೋತು."

"ಕೇಳಿದ್ಯೋ?"

"ಅಕ್ಕೋರು ಹಾಕಿದ್ರಲ್ಲ ಗುರ್ತು."

ಅವಳು ಹಾಗೆ ಹೇಳುತ್ತಾಳೆಂದು ನಾನು ಎಣಿಸಿರಲಿಲ್ಲ. ದೂರುತ್ತಾಳೆ, ನಾನು ಸಮಜಾಯಿಷಿ ಕೊಡುತ್ತೇನೆ ಎಂದುಕೊಂಡು ಬಂದಿದ್ದೆ. ಕೈಪಿಡಿಯ ಆ ಪುಟಕ್ಕೆ ಗುರುತಿಟ್ಟು ಚೀಲದಲ್ಲಿ ತಂದಿದ್ದೆ ಕೂಡ. ಅವಳು ದೂರಿದ್ದರೆ ನಾನು ವಾದ ಮಾಡುತ್ತಿದ್ದೆ, ಅದರಲ್ಲಿ ನನಗೆ ಈಗಲೂ ಸಂಶಯವಿಲ್ಲ. ಅವಳು ನನ್ನ ಮರ್ಯಾದೆ ಉಳಿಸಲು ತನ್ನ ಮೇಲೆ ಮರೆವನ್ನು ಹಾಕಿಕೊಂಡಳು. ಬಾಳಂತಿಯನ್ನು ಹಿಡಿದವಳು ಅವಳು, ಅದು ಸತ್ತರೆ ಊರು ಹೆಸರಿಡುವುದು ಅವಳ ಹಗ್ಗಕ್ಕೆ.

"ನಾನು ಕೇಳಲಿಲ್ಲ," ಎಂದೆ. "ದೀಪ ನೋಡಿ ಗುರುತು ಹಾಕಿದೆ. ಅವಳು ಕೇಳೋಣ ಎಂದಳು, ನಾನು ಬೇಡ ಎಂದೆ."

ಇನಾಸ್ ಬಾಬ ಪುಸ್ತಕ ಮುಚ್ಚಿದರು. ಬೈಯುತ್ತಾರೆಂದು ಕಾದೆ. ಅವರು ಎದ್ದು ಸೊಂಟದ ಮೇಲೆ ಕೈಯಿಟ್ಟುಕೊಂಡು ಕೆಳಕೇರಿಯ ಕಡೆ ನೋಡಿ, "ಹಾಗಾದ್ರೆ ಅಟ್ಟ ಹತ್ರಿ ಅಂತ ಹೇಳ್ಬೇಕು ಅವ್ರಿಗೆ," ಎಂದರು. "ನೀವೇ ಹೇಳಿ."

ಬಾಗಿಲನ್ನು ಹನ್ನೊಂದು ದಿನ ಹೆಚ್ಚಿಗೆ ತೆರೆದಿಟ್ಟರು. ಕೆಳಕೇರಿಯ ಇಪ್ಪತ್ತಾರು ಮನೆಗಳಿಗೂ ನಾನೇ ಹೋಗಿ ಕಾರಣ ಹೇಳಿದೆ. ಐದನೆಯ ದಿನ ಉಬ್ಬರದಲ್ಲಿ ನೀರು ಮೆಟ್ಟಿಲು ಏರಿತು. ಜನ ಬಲೆ, ಬುಟ್ಟಿ, ಕೋಳಿಗಳನ್ನು ಅಟ್ಟಕ್ಕೆ ಸಾಗಿಸಿದರು. ಮುದುಕರು, ಬಾಣಂತಿಯರು ನಡುಸಾಲಿನ ಮನೆಗಳಿಗೆ ಹೋದರು. ಜೋರು ಮಾಡಿದವರು ಯಾರೂ ಇಲ್ಲ. ಒಬ್ಬ ಅಜ್ಜಿ ಮಾತ್ರ, ತಲೆಯ ಮೇಲೆ ಹಾಸಿಗೆ ಸುರುಳಿ ಹೊತ್ತು ನನ್ನೆದುರು ಹಾದುಹೋಗುವಾಗ, ಪಕ್ಕದವಳಿಗೆ ಹೇಳುವ ಹಾಗೆ ನನಗೆ ಕೇಳಿಸಿದಳು: "ಅಕ್ಕೋರು ಕಿವಿ ಮನೇಲಿ ಬಿಟ್ಟು ಬಂದ್ರು ಅಂತ, ನಾವು ಮನೆ ಬಿಟ್ಟು ಬಂದ್ವು ಮಾರಾಯ್ತಿ." ಆ ಮಾತು ಸಂಜೆಯೊಳಗೆ ಊರೆಲ್ಲ ಸುತ್ತಿತು. ಈಗ ಅದು ಇಲ್ಲಿ ಗಾದೆಯಂತೆ ಆಗಿದೆ. ಉಪ್ಪು ಹಾಕಲು ಮರೆತವರಿಗೂ ಹೇಳುತ್ತಾರೆ.

ಕೂಗದ ಮಣಿಯನ್ನು ಕಿವಿಯಿಂದ ಹುಡುಕಲು ಆಗುವುದಿಲ್ಲ. ಕಣ್ಣಿನಿಂದ ಹುಡುಕಿದೆವು. ಬೆಳಗಿನಿಂದ ಕತ್ತಲಾಗುವವರೆಗೆ ಸರದಿಯ ಮೇಲೆ ಬಾಗಿಲ ಕಟ್ಟೆಯಲ್ಲಿ ನಿಂತು ಕೆಳಗಿನ ನೀರು ನೋಡುವುದು. ನೀರು ಕೆಂಪಾಗತೊಡಗಿತ್ತು. ಒಂಬತ್ತನೆಯ ದಿನ ಮಧ್ಯಾಹ್ನ, ಇಳಿತದ ಹೊತ್ತಿಗೆ, ಮೂವರು ಗಂಡಸರು ಒಟ್ಟಿಗೆ ಕೂಗಿದರು. ಬೆನ್ನಿನ ಎರಡು ರೆಕ್ಕೆ, ಗರಗಸ ಮೀನಿಗೆ ಇರುವಂತೆ ಒಂದರ ಹಿಂದೆ ಒಂದು, ಏಳನೆಯ ಹಲಗೆಯ ಕೆಳಗಿನಿಂದ ಹೊರಗೆ ಹೋದದ್ದನ್ನು ಕಂಡರಂತೆ. ನಾನು ಅಲ್ಲೇ ಇದ್ದೆ. ಆ ಕ್ಷಣಕ್ಕೆ ಚೊಂಬೆತ್ತಿ ನೀರು ಕುಡಿಯುತ್ತಿದ್ದೆ.

ಇನಾಸ್ ಬಾಬ ಬಂದು ಕೇಳಿದರು. "ನೀವು ಕಂಡ್ರಾ?"

ಸುತ್ತ ನಿಂತವರಲ್ಲಿ ಕೆಳಕೇರಿಯವರೂ ಇದ್ದರು. ನಾನು ಹೂಂ ಎಂದಿದ್ದರೆ ಆ ಸಂಜೆಯೇ ಬಾಗಿಲು ಇಳಿಯುತ್ತಿತ್ತು, ಅವರು ಮನೆಗೆ ಹೋಗುತ್ತಿದ್ದರು. ಮೂವರ ಮಾತು ಸುಳ್ಳೆಂದು ನನಗೆ ಅನ್ನಿಸಲೂ ಇಲ್ಲ. ಇಲ್ಲ ಎಂದೆ. ಪುಸ್ತಕದಲ್ಲಿ ಹೀಗೆ ಬರೆದೆ: ಮೂವರು ಕಂಡೆವು ಎಂದರು. ನಾನು ಕಾಣಲಿಲ್ಲ. ಇನಾಸ್ ಬಾಬ ಓದಿ, ಇನ್ನೆರಡು ದಿನ ಕಾಯೋಣ ಎಂದರು. ಹನ್ನೊಂದನೆಯ ದಿನ ಸಮುದ್ರ ಎದ್ದಿತು, ಬಾಗಿಲು ಇಳಿಯಿತು.

ಮಳೆಗಾಲದ ನಾಲ್ಕು ತಿಂಗಳೂ ನಾನು ದಿನಾ ಬೆಳಗ್ಗೆ ಕೊಳವೆಯ ಹೊರಬಾಯಿಗೆ ಹೋಗಿ ಬಂದೆ. ಹಾಗೆ ಮಾಡಲು ಯಾರೂ ಹೇಳಿರಲಿಲ್ಲ. ಕಾಂಡ್ಲದ ಕೊಂಬೆ, ತೆಂಗಿನ ಮಟ್ಟೆ, ಒಂದು ದಿನ ಯಾರದೋ ಮರದ ಕುರ್ಚಿ ಬಂತು. ಬೇರೆ ಏನೂ ಬರಲಿಲ್ಲ. ಅದನ್ನು ಸಮಾಧಾನ ಎಂದು ಕರೆಯಲು ನನಗೆ ಧೈರ್ಯವಿಲ್ಲ. ನಾನು ಹೋಗುತ್ತಿದ್ದುದು ದಿನಕ್ಕೆ ಒಂದು ಗಂಟೆ, ಕೊಳವೆ ಓಡುತ್ತಿದ್ದುದು ಇಪ್ಪತ್ತನಾಲ್ಕು ಗಂಟೆ.

ಅಕ್ಟೋಬರ್ ಎಂಟರಂದು, ಬಾಗಿಲು ಎತ್ತಿದ ಮೂರನೆಯ ದಿನ, ಬಳಚು ಆರಿಸಲು ಹೋದವರು ಮೇಲಿನ ಹಿನ್ನೀರಿನಿಂದ ಹೇಳಿ ಕಳಿಸಿದರು. ಪೆಟ್ಟಿಗೆ ತೆಗೆದುಕೊಂಡು ಹೋದೆ. ಮೊಣಕಾಲು ನೀರಿನಲ್ಲಿ ಬುದವಂತಿ ಬಗ್ಗಿ ನಿಂತಿದ್ದಳು, ಎರಡೂ ಕೈಯಲ್ಲಿ ಮೂರಡಿಯ ಮರಿ. ಹುಟ್ಟುವಾಗ ತಾಯಿಗೆ ಗೀರದಿರಲೆಂದು ಅಲಗಿನ ಹಲ್ಲಿನ ಮೇಲೆ ಒಂದು ಪೊರೆ ಇರುತ್ತದಂತೆ. ಅದು ಕಳಚಿ ಹೋಗಿತ್ತು. ಗರಗಸ ಸಣ್ಣದು, ಹೊಸದು, ಒಂದು ಹಲ್ಲೂ ಮುರಿದಿಲ್ಲ. ಅಂದರೆ ಬಿಟ್ಟ ಮೇಲೆ ಬಾಳಂತಿ ಒಳಗೇ ಇದ್ದಳು, ಮಣಿ ಕೂಗಿರಲಿಲ್ಲ. ಮೇ ಮೂವತ್ತರಂದು ನನ್ನ ಗೆರೆಯನ್ನು ನಂಬಿದ್ದರೆ ಅವಳ ಬೆನ್ನ ಹಿಂದೆ ಬಾಗಿಲು ಇಳಿದಿರುತ್ತಿತ್ತು. ಹನ್ನೊಂದು ದಿನದಲ್ಲಿ ಅವಳು ಹೊರಟಳೇ, ಆ ಎರಡು ರೆಕ್ಕೆ ಅವಳದೇ, ಅದು ಈ ಮರಿಯನ್ನು ನೋಡಿದರೆ ತಿಳಿಯುವುದಿಲ್ಲ. ಮುಂದಿನ ಮೇ ತಿಂಗಳಲ್ಲಿ ತಿಳಿಯಬೇಕು ಎನ್ನಲೂ ಬರುವುದಿಲ್ಲ. ಅವಳ ಸರದಿ ಅದರ ಮುಂದಿನ ವರ್ಷ.

ಪೆಟ್ಟಿಗೆಯನ್ನು ನಾನು ಬುದವಂತಿಗೆ ಕೊಟ್ಟು, ಮರಿಯನ್ನು ನಾನು ಹಿಡಿದುಕೊಂಡೆ. ಅವಳು ಮಣಿಯ ಬಾಣ ತನ್ನ ಕಡೆ ತಿರುಗಿಸಿ ಗುಬ್ಬಿ ಒತ್ತಿದಳು. ಹಸಿರು ದೀಪ ಬಂತು. ಮಣಿಯನ್ನು ಬಕೆಟ್ಟಿಗೆ ಹಾಕಿ ತಂತಿ ಇಳಿಬಿಟ್ಟಳು. ಮರಿ ನನ್ನ ಅಂಗೈಯಲ್ಲಿ ಉಸಿರಾಡುವುದು ಗೊತ್ತಾಗುತ್ತಿತ್ತು. ಒಂದು ನಿಮಿಷ ಆಯಿತು, ಎರಡು ಆಯಿತು. ನಿಂತು ಕಾದರೆ ಮೂರು ನಿಮಿಷ ಬಹಳ ಉದ್ದ. ಇಷ್ಟು ಉದ್ದವಿದೆಯೆಂದು ಅಷ್ಟು ವರ್ಷ ಪೆಟ್ಟಿಗೆ ಹಿಡಿದರೂ ನನಗೆ ಗೊತ್ತಿರಲಿಲ್ಲ, ಯಾಕೆಂದರೆ ಅಷ್ಟು ವರ್ಷವೂ ಕಾಯುವಾಗ ನಾನು ಬೇರೆ ಏನೋ ಬರೆದುಕೊಳ್ಳುತ್ತಿದ್ದೆ. ಆಮೇಲೆ ಬಳೆಗೆ ಬಳೆ ತಾಗಿತು, ಎಂಟು ಸಲ.

"ಕೇಳ್ತು," ಎಂದಳು. "ನಿಮ್ಗೆ?"

"ಕೇಳಿತು."

"ಇನ್ನೊಂದ್ ಸಲ ಕಾಯ್ವಾ?" ಎಂದಳು, ನಗದೆ. ನನ್ನನ್ನು ಕೆಣಕಿದಳೋ ನಿಜವಾಗಿ ಕೇಳಿದಳೋ ತಿಳಿಯಲಿಲ್ಲ. ಇನ್ನೊಂದು ಸಲವೂ ಕಾದೆವು.

ಈಗ ನಿಮಗೆ ಸಂಬಂಧಿಸಿದ ವಿಷಯ. ಬಾಗಿಲ ಕಚೇರಿಯ ಕಪಾಟಿನಲ್ಲಿ ಈ ಹೊಳೆಯ ಮೊದಲ ಪುಸ್ತಕ ಇದೆ, 2034ನೇ ಇಸವಿಯದು. ಅದರಲ್ಲಿ ಒಂದು ಗರಗಸ ಮೀನಿಗೆ ಕಟ್ಟಿದ ಗುರುತಿನ ದಾಖಲೆ ಇದೆ. ಸಂಖ್ಯೆ, ಉದ್ದ, ಹೆಣ್ಣು, ತಾರೀಖು, 'ಪರೀಕ್ಷಿಸಲಾಗಿದೆ' ಎಂಬಲ್ಲಿ ನೀಲಿ ಶಾಯಿಯ ಒಂದು ಗೆರೆ. ಆ ಗುರುತಿನ ಸದ್ದು ನಾಲ್ಕು ವರ್ಷ ಎಲ್ಲೂ ಕೇಳಲಿಲ್ಲ. ಆ ಜಾತಿ ಈ ಹೊಳೆಯನ್ನು ಬಿಟ್ಟುಹೋಗಿದೆ ಎಂದು ವರದಿ ಆಯಿತು. ಬಾಗಿಲು ಕಟ್ಟುವವರು ಬಹಳ ವರ್ಷಗಳ ನಂತರ ಆ ವರದಿಯನ್ನು ಓದಿ, ದೊಡ್ಡ ಮೀನಿಗೆ ಪ್ರತ್ಯೇಕ ದಾರಿ ಬೇಕಿಲ್ಲ ಎಂದು ನ್ಯಾಯವಾಗಿಯೇ ತೀರ್ಮಾನಿಸಿದರು. ಕೊಳವೆಯ ಅಲಗುಗಳು ಹಾಗೆ ಬಂದವು. ಊರಿಗೆ ಬಂದವರಿಗೆ ನಾನು ಈ ಪುಸ್ತಕ ತೋರಿಸಿ, ಆಗ ಗರಗಸ ಮೀನು ಇಲ್ಲಿಂದ ಹೊರಟುಹೋಗಿತ್ತು, ಆಮೇಲೆ ಮರಳಿ ಬಂತು ಎಂದು ವಿವರಿಸುತ್ತಿದ್ದೆ. ಎಂಟು ವರ್ಷ ಹಾಗೆ ಹೇಳಿದೆ. ಈಗ ಆ ನೀಲಿ ಗೆರೆಯನ್ನು ನೋಡಿದರೆ, ಅದರ ಹಿಂದೆ ಒಂದು ದೋಣಿ, ಕಾಲ ಬಳಿ ಒಂದು ಬಕೆಟ್ಟು, ಯಾರೋ ನಕ್ಕದ್ದು ಕಾಣುತ್ತದೆ. ಇದು ನನ್ನದೇ ಕಲ್ಪನೆ ಇರಬಹುದು. ತಪ್ಪು ಮಾಡಿದವಳಿಗೆ ಜೊತೆ ಬೇಕಾಗುತ್ತದೆ. ಆ ಗೆರೆ ಎಳೆದವರು ನಿಜವಾಗಿಯೂ ಕಾದು, ಕೇಳಿ ಎಳೆದಿರಬಹುದು. ಆ ಮೀನು ನಿಜವಾಗಿಯೂ ದೂರ ಹೋಗಿರಬಹುದು. ಗೆರೆಯೊಂದೇ ಇರುವುದರಿಂದ ಎರಡರಲ್ಲಿ ಯಾವುದೆಂದು ಹೇಳಲು ನನಗೆ ದಾರಿಯಿಲ್ಲ.

ನನ್ನ ಕೋರಿಕೆ ಸಣ್ಣದು. ಎಬ್ಬಿಸಿದ ಮೇಲೆ ನೀರಿಗೆ ಹಾಕಿ ಕಾಯಿರಿ. ಪ್ರಾಣಿಗೆ ಕಷ್ಟವಾಗುತ್ತಿದೆ, ಇಳಿತ ತಿರುಗುತ್ತಿದೆ, ಕಾಯಲು ಆಗಲೇ ಇಲ್ಲ ಎಂಬ ದಿನಗಳು ಬಂದೇ ಬರುತ್ತವೆ. ಆಗ ಕಾಯಲಿಲ್ಲ ಎಂದು ಬರೆಯಿರಿ. ಹಾಗೆ ಬರೆದ ಪುಟ ನೋಡಲು ಚೆನ್ನಾಗಿರುವುದಿಲ್ಲ, ಮೇಲಿನವರು ಪ್ರಶ್ನೆ ಕೇಳುತ್ತಾರೆ. ಆದರೂ ಅಂಥ ಪುಟದ ಮೇಲೆ ಮುಂದಿನವರು ಒಂದು ಬಾಗಿಲನ್ನು ಹನ್ನೊಂದು ದಿನ ತೆರೆದಿಡಬಹುದು.

ಬುದವಂತಿ ಅಂಗಳದಲ್ಲಿ ಕೂತಿದ್ದಾಳೆ, ಎಚ್ಚರಪೆಟ್ಟಿಗೆ ವಹಿಸಿಕೊಳ್ಳಲು. ಬರೆದು ಮುಗೀತೇನ್ರೀ ಎಂದು ಎರಡು ಸಲ ಕೂಗಿದ್ದಾಳೆ. ಇನಾಸ್ ಬಾಬ ಕಟ್ಟೆಯ ಮೇಲೆ ಕಾಯುತ್ತಿದ್ದಾರಂತೆ. ಮರಿಯ ಸಂಖ್ಯೆ ಇವತ್ತು ಬೆಳಗ್ಗೆ ನಾಲ್ಕನೆಯ ನೀರ್ಗಿವಿಯಲ್ಲಿ ಕೇಳಿದೆ. ಕೈಪಿಡಿಯ 'ಅಪೇಕ್ಷಣೀಯ' ಎಂಬರ್ಥದ ಆ ಪದವನ್ನು ನಾನು ಹೊಡೆದುಹಾಕಿ, ಪಕ್ಕದಲ್ಲಿ ಕನ್ನಡದಲ್ಲಿ 'ಕಡ್ಡಾಯ' ಎಂದು ಬರೆದಿದ್ದೇನೆ. ಅದನ್ನು ಮಾಡಲು ನನಗೆ ಅಧಿಕಾರವಿದೆಯೋ ಇಲ್ಲವೋ ವಿಚಾರಿಸಿಲ್ಲ.

ನಿಮ್ಮ ಪುಸ್ತಕದ ಆ ನೀಲಿ ಗೆರೆಯ ಪಕ್ಕದಲ್ಲಿ ಮಾತ್ರ ನಾನು ಏನೂ ಬರೆದಿಲ್ಲ. ಅಲ್ಲಿ ಎರಡು ಬೆರಳಗಲ ಜಾಗ ಖಾಲಿ ಇದೆ. ನಮಗೆ ಅದು ನೂರೈವತ್ತಮೂರು ವರ್ಷ ಹಳೆಯ ಪುಟ. ಈ ಕಾಗದ ಸರಿಯಾದ ಕೈಗೆ ಸೇರಿದ್ದರೆ, ನಿಮಗೆ ಆ ದಿನ ಇನ್ನೂ ಬಂದಿಲ್ಲ.

ಇತಿ,
ಯಮುನಾ ಗುನಗಾ
ಎಚ್ಚರಪೆಟ್ಟಿಗೆಯವಳು, ಇವತ್ತಿನ ಮಧ್ಯಾಹ್ನದವರೆಗೆ